ರೊಟ್ಟಿ ಗಂಟಿನ ಮೇಲೆ ಪದವಿ

ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ಬೆಳಗಿನ ಬಸ್ಸುಗಳಿಂದ ಜನರ ಜತೆ ಬುತ್ತಿ ಗಂಟುಗಳೂ ಇಳಿಯುತ್ತವೆ. ಅರಿವೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ಮೇಲೊಂದು ಹೆಸರಿನ ಚೀಟಿ. ಊರಲ್ಲಿ ತಾಯಿ ಕಂಡಕ್ಟರ್ ಕೈಗೆ ಕೊಟ್ಟದ್ದನ್ನು ಇಲ್ಲಿ ಕಾಲೇಜು ಓದುವ ಮಗ ಬಂದು ಒಯ್ಯುತ್ತಾನೆ. ಸರ್ಕಾರಿ ಕಾಲೇಜಿನ ಫೀಸು ಹೇಗೋ ಹೊಂದೀತು. ಬಡವರ ಮಕ್ಕಳನ್ನು ಅರ್ಧಕ್ಕೇ ಊರಿಗೆ ಕಳಿಸುವುದು ಊಟ ಮತ್ತು ಕೋಣೆ ಬಾಡಿಗೆ.

ಇದನ್ನು ನನಗೆ ಬಿಡಿಸಿ ಹೇಳಿದವರು ಹುನಗುಂದದ ಒಬ್ಬ ನಿವೃತ್ತ ಮಾಸ್ತರರು. ಅವರು ಓದಿದ್ದು ವಾರಾನ್ನದ ಮೇಲೆ. ‘ನಾಕು ಮನಿ ಸಿಕ್ಕಿದ್ದುವು ನೋಡ್ರಿ. ಸೋಮವಾರ ವಕೀಲರ ಮನಿ, ಮಂಗಳವಾರ ಕಿರಾಣಿ ಅಂಗಡಿಯವರದು, ಬುಧವಾರ, ಗುರುವಾರ ಮತ್ತೆರಡು. ಉಳಿದ ಮೂರು ದಿನ ಅವ್ವನ ರೊಟ್ಟಿ ಗಂಟು. ಶ್ರಾವಣದಾಗ ಮಳಿ ಹತ್ತಿ ಬಸ್ಸು ನಿಂತ್ರ ಗಂಟೂ ಇಲ್ಲ.’ ಅಂಗಡಿಯವರ ಮನೆಯ ಅಮ್ಮ ಏಳುವಾಗ ಎರಡು ರೊಟ್ಟಿ ಮಡಚಿ ಕೈಗಿಡುತ್ತಿದ್ದರಂತೆ, ರಾತ್ರಿಗೆ ಇರಲಿ ಎಂದು. ಅದಕ್ಕೆ ಪ್ರತಿಯಾಗಿ ಇವರು ಆ ಮನೆಯ ಹುಡುಗರಿಗೆ ಮಗ್ಗಿ ಕಲಿಸಿದರು. ಮರುವರ್ಷ ಉಚಿತ ಊಟ-ವಸತಿಯ ಪ್ರಸಾದ ನಿಲಯದಲ್ಲಿ ಜಾಗ ಸಿಕ್ಕಿತು. ‘ಅವತ್ತ ಡಿಗ್ರಿ ಆದಂಗ ಆತ್ರೀ’ ಎಂದರು. ಪರೀಕ್ಷೆಗೆ ಇನ್ನೂ ಎರಡು ವರ್ಷವಿತ್ತು.

ಪ್ರಸಾದ ನಿಲಯದ ಅನ್ನವೂ ಜನರದೇ. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ತಿರುಗಿದರು, ರಾಶಿಯ ಕಾಲಕ್ಕೆ ರೈತರು ಜೋಳ ಅಳೆದು ಕೊಟ್ಟರು. ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಗೆ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗ ಮಂದಿರದಲ್ಲೂ ವಟುಗಳಿಗೆ ಊಟ, ವಸತಿ, ವಿದ್ಯೆ ಎಲ್ಲ ಉಚಿತ. ಶಾಲೆ-ಕಾಲೇಜು ನಡೆಸುವ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಅದೇ ವರ್ಷ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟು ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ.

ಇಳಕಲ್ಲಿನ ನೇಕಾರರ ಕಷ್ಟ ಬೇರೆ ಥರದ್ದು. ಸೀರೆಗೆ ಇಷ್ಟೆಂದು ಮಜೂರಿ. ಜೂನ್ ಬಂದರೆ ಮಗಳ ಅಡ್ಮಿಷನ್‌ಗೆ ಸಾವಕಾರರ ಹತ್ತಿರ ಮುಂಗಡ. ಆಮೇಲೆ ಆ ಮುಂಗಡ ತೀರುವವರೆಗೆ ಮಗ್ಗ ಬೇರೆ ಕಡೆ ತಿರುಗುವಂತಿಲ್ಲ. ಟೋಪಿ ತೆನಿಯ ಸೆರಗು ನೇಯುವ ಕೈಗಳು ಮಗಳ ಪದವಿಗಾಗಿ ಹೀಗೆ ಕಟ್ಟುಬೀಳುವುದು ನನ್ನನ್ನು ನೋಯಿಸುತ್ತದೆ. ಯಾಕೆಂದರೆ ಇಂಥ ಓದಿಗೆಂದೇ ದುಡ್ಡು ಇದೆ. 2021ರಲ್ಲಿ ರೈತರ ಮಕ್ಕಳಿಗೆಂದು ಶುರುವಾದ ವಿದ್ಯಾನಿಧಿ ಆಮೇಲೆ ನೇಕಾರರ ಮಕ್ಕಳಿಗೂ ಬಂತು. ಶುರುವಿನಲ್ಲಿ ಗೊತ್ತುಮಾಡಿದ್ದು ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ. ತಿಂಗಳಿಗೆ 1,500ರಂತೆ ಹತ್ತು ತಿಂಗಳು ಊಟ-ವಸತಿಗೆ ಎಂದು ಹೊರಟ ಯೋಜನೆ ಅದು. ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಹತ್ತು, ಹನ್ನೆರಡು ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವರ್ಷಕ್ಕೆ 30,000 ಇದೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರು ಮನೆಯಿಂದಲೇ ಬಾಗಲಕೋಟೆಗೆ ಓಡಾಡಿ ಓದಬಹುದು. ಯಾರೂ ಹಾಗೆ ಕರೆಯದಿದ್ದರೂ ನನ್ನ ಲೆಕ್ಕಕ್ಕೆ ಈಚಿನ ದೊಡ್ಡ ವಿದ್ಯಾರ್ಥಿವೇತನ ಅದೇ.

ತೊಡಕಿರುವುದು ಕಾಗದದಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಅರ್ಜಿ ಅಲ್ಲೇ ನಿಲ್ಲುತ್ತದೆ. ಬಂದರೂ ಹಣ ಪರೀಕ್ಷೆಯ ಹೊತ್ತಿಗೆ ಬರುತ್ತದೆ, ಫೀಸು ಕಟ್ಟುವ ದಿನಕ್ಕಲ್ಲ. ಮಾಸ್ತರರ ಕಾಲಕ್ಕೆ ಬಾಗಿಲಲ್ಲಿ ನಿಂತರೆ ಆ ದಿನದ ಊಟ ಆ ದಿನವೇ ಸಿಗುತ್ತಿತ್ತು.

ಮಾಸ್ತರರು ಈಗಲೂ ಮನೆಯ ಕಟ್ಟೆಯಲ್ಲಿ ಓಣಿಯ ಮಕ್ಕಳ ಅರ್ಜಿ ತಿದ್ದಿಕೊಡುತ್ತಾರೆ. ನಿಮ್ಮ ಓಣಿಯಲ್ಲೂ ಪಿಯುಸಿ ಮುಗಿಸಿದ ಮಕ್ಕಳಿದ್ದರೆ ಅವರ ಆಧಾರ್ ಮತ್ತು ಅಂಕಪಟ್ಟಿಯನ್ನು ಒಮ್ಮೆ ಜೊತೆಗಿಟ್ಟು ನೋಡಿ. ಹೆಸರು ಹೊಂದದಿದ್ದರೆ ಅಡ್ಮಿಷನ್‌ಗೆ ಮುಂಚೆಯೇ ತಿದ್ದಿಸಿ, ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕಿಸಿ.