ಉಪ್ಪು ಗಾಳಿಯಲ್ಲಿ ಹಳೆಯ ಮೋಟಾರು

ಉಪ್ಪುಂದವೆಂಬ ಹೆಸರಿನ ವ್ಯುತ್ಪತ್ತಿಯನ್ನು ವಿದ್ವಾಂಸರು ಹೇಗೆ ಬೇಕಾದರೂ ಬಿಡಿಸಲಿ, ಆ ಊರಿನ ಗಾಳಿಯಲ್ಲಿ ಉಪ್ಪಿದೆಯೆಂಬುದನ್ನು ಅಲ್ಲಿನ ಕಿಟಕಿಯ ಸರಳುಗಳೂ, ಬಾವಿಯ ರಾಟೆಗಳೂ, ಅಂಗಳದಲ್ಲಿ ನಿಂತ ಹಳೆಯ ಕಾರುಗಳೂ ಸಾರಿ ಹೇಳುತ್ತವೆ. ಘಟ್ಟದ ಮೇಲಿನ ಊರುಗಳಲ್ಲಿ ಮೋಟಾರಿಗೆ ಮುಪ್ಪು ಬರುವುದು ಇಂಜಿನಿನಿಂದ. ಕರಾವಳಿಯಲ್ಲಿ ಅದು ಬರುವುದು ಮೈಯಿಂದ. ಎರಡು ಲಕ್ಷ ಕಿಲೋಮೀಟರು ಓಡಿಯೂ ದಣಿಯದ ಇಂಜಿನನ್ನು ಹೊತ್ತ ಕಾರೊಂದು, ತನ್ನ ಪಾದದ ತಗಡೇ ಕರಗಿಹೋದ ಕಾರಣದಿಂದ ಗುಜರಿಯವನ ಪಾಲಾಗುವುದು ಇಲ್ಲಿ ಹೊಸ ಸಂಗತಿಯಲ್ಲ. ಹಳೆಯ ಕಾರನ್ನು ಕೊಳ್ಳುವವರೂ ಇಟ್ಟುಕೊಂಡವರೂ ಈ ಒಂದು ಭೇದವನ್ನು ಅರಿತುಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಹಳೆಯ ಕಾರೆಂದರೆ ಕೆಲವರಿಗೆ ಶೋಕಿ. ಆದರೆ ಇಂತಹ ಊರಿನ ಸಾಮಾನ್ಯ ಕುಟುಂಬಕ್ಕೆ ಅದು ಶೋಕಿಯಲ್ಲ. ಕುಂದಾಪುರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿದ್ದರೂ, ದೊಡ್ಡ ಆಸ್ಪತ್ರೆಯೆಂದರೆ ಮಣಿಪಾಲ. ಅದು ಅರುವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಆಷಾಢದ ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಉಬ್ಬಸ ಹೆಚ್ಚಿದಾಗ, ಅಂಗಳದ ಕಾರು ಕೀಲಿ ತಿರುಗಿಸಿದೊಡನೆ ಎಚ್ಚರಗೊಳ್ಳುವುದೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಹೊಸ ಕಾರು ಕೊಳ್ಳಲಾಗದವರ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರವನ್ನು ಹಗಲಿನಲ್ಲೇ, ಬೇಸಗೆಯಲ್ಲೇ ಸಿದ್ಧಪಡಿಸಿಟ್ಟುಕೊಳ್ಳಬೇಕಾಗುತ್ತದೆ.

ಒಂದು ಕಾಲಕ್ಕೆ ಈ ದಾರಿಯ ರಾಜನೆಂದರೆ ಅಂಬಾಸಿಡರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಬಂಗಾಳದ ಉತ್ತರಪಾರಾದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾದ ಅದರ ತಗಡು ದಪ್ಪ. ತುಕ್ಕಿಗೆ ಅದು ತಡವಾಗಿ ಸೋಲುತ್ತಿತ್ತು. ಮುಂಬಯಿಯ ಕುರ್ಲಾದಲ್ಲಿ ಹುಟ್ಟಿದ ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ, ಅದಕ್ಕಿಂತ ನಾಜೂಕು. ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦ ಮಧ್ಯಮ ವರ್ಗದ ಮನೆಬಾಗಿಲಿಗೆ ಕಾರನ್ನು ತಂದು ನಿಲ್ಲಿಸಿತು; ೨೦೧೪ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ, ೭೯೬ ಸಿ.ಸಿ.ಯ ಆ ಪುಟ್ಟ ಇಂಜಿನು ಬಲು ಗಟ್ಟಿ. ಅದರ ತೆಳ್ಳನೆಯ ತಗಡು ಮಾತ್ರ ಕಡಲ ಗಾಳಿಗಾಗಿ ಮಾಡಿದ್ದಲ್ಲ. ಈ ಬಗೆಯ ಕಾರುಗಳಲ್ಲಿ ಪ್ರತ್ಯೇಕವಾದ ಚಾಸಿಯಿಲ್ಲ. ತಗಡಿನ ಮೈಯೇ ಬೆನ್ನೆಲುಬು. ಆದುದರಿಂದ ಮೈಗೆ ತಗುಲಿದ ತುಕ್ಕು ಬರಿಯ ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಉಪ್ಪು ಮಾಡುವ ಕೆಲಸವಾದರೂ ಏನು? ಕಬ್ಬಿಣ ತುಕ್ಕಾಗಲು ನೀರೂ ಪ್ರಾಣವಾಯುವೂ ಕೂಡಿದರೆ ಸಾಕು. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುವುದರಿಂದ ಈ ಕ್ರಿಯೆ ಹಲವು ಪಟ್ಟು ತೀವ್ರಗೊಳ್ಳುತ್ತದೆ. ಇನ್ನೊಂದು ಕುಟಿಲವೂ ಅದಕ್ಕುಂಟು. ಗಾಳಿಯ ತೇವಾಂಶ ಸುಮಾರು ಶೇಕಡಾ ೭೫ ದಾಟಿತೆಂದರೆ ಅಡುಗೆಯ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಕಡಲಿನ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಲವಣಗಳು ಅದಕ್ಕಿಂತ ಒಣ ಗಾಳಿಯಲ್ಲಿಯೂ ಒದ್ದೆಯಾಗುತ್ತವೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರಾಗುವುದನ್ನು ಕಂಡ ಗೃಹಿಣಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಾರಿನ ಅಡಿಯಲ್ಲಿ ಕುಳಿತ ಉಪ್ಪೂ ಹಾಗೆಯೇ. ಮಾಡಿನ ಕೆಳಗೆ, ಮಳೆಹನಿ ಸೋಕದ ಜಾಗದಲ್ಲಿ ನಿಂತಿದ್ದರೂ ಕಾರು ಒಳಗೊಳಗೇ ಒದ್ದೆಯಾಗಿರುತ್ತದೆ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ ಇರುವ ರಸ್ತೆಯಲ್ಲಿ ಸಾಗುವಾಗ ಪ್ರವಾಸಿಗರು ಕಿಟಕಿಯಿಳಿಸಿ ಹಿಗ್ಗುತ್ತಾರೆ. ಹಳೆಯ ಕಾರಿನ ಒಡೆಯ ಮನೆಗೆ ಮರಳಿ ಗಾಲಿಗಳ ಮೇಲ್ಭಾಗಕ್ಕೆ ನೀರೆರಚುವುದು ಒಳ್ಳೆಯದು.

ಆ ನೀರು ಸಿಹಿನೀರಾಗಿರಬೇಕೆಂಬುದನ್ನು ಮರೆಯಬಾರದು. ಕಡಲಿಗೆ ಸಮೀಪದ ಕೆಲವು ಬಾವಿಗಳಲ್ಲಿ ಚೈತ್ರ ವೈಶಾಖಗಳ ಹೊತ್ತಿಗೆ ನೀರು ಸವುಳಾಗುತ್ತದೆ. ಕುಡಿಯಲಾಗದ ನೀರಿನಿಂದ ಕಾರನ್ನು ತೊಳೆಯುವುದೆಂದರೆ ಉಪ್ಪನ್ನು ಉಪ್ಪಿನಿಂದ ತೊಳೆದಂತೆ. ಆಯುಧಪೂಜೆಯ ಮುನ್ನಾದಿನ ಕಾರಿನ ನೆತ್ತಿಯನ್ನು ಕನ್ನಡಿಯಂತೆ ಉಜ್ಜುವವರು ಅನೇಕರು. ಅಡಿಗೆ ಬಗ್ಗಿ ನೋಡುವವರು ವಿರಳ. ನೋಡಬೇಕಾದುದು ಅಲ್ಲಿಯೇ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಸೋರಿಹೋಗಲೆಂದು ಸಣ್ಣ ತೂತುಗಳಿರುತ್ತವೆ. ತೆಂಗಿನ ಮರದಡಿ ನಿಂತ ಕಾರಿನಲ್ಲಿ ಹಿಂಗಾರದ ಹೂವೂ ಧೂಳೂ ಕೂಡಿ ಅವು ಮುಚ್ಚಿಹೋಗುತ್ತವೆ; ಬಾಗಿಲು ತೊಟ್ಟಿಯಾಗುತ್ತದೆ; ಎರಡು ಮಳೆಗಾಲದೊಳಗೆ ಅಂಚು ಹಪ್ಪಳದಂತೆ ಉದುರುತ್ತದೆ. ಒಂದು ತೆಂಗಿನ ಕಡ್ಡಿಯಿಂದ ಆ ತೂತುಗಳನ್ನು ಬಿಡಿಸಿದರೆ ಸಾವಿರಾರು ರೂಪಾಯಿಯ ಟಿಂಕರಿಂಗ್ ಕೆಲಸ ಉಳಿಯುತ್ತದೆ. ಅನಂತರ ಕಾಲಡಿಯ ಮ್ಯಾಟು ಎತ್ತಿ ನೋಡಬೇಕು, ಬ್ಯಾಟರಿಯ ಪೀಠವನ್ನು ನೋಡಬೇಕು, ಬಾನೆಟ್ಟಿನೊಳಗೆ ಮುಂಗಾಲಿಗಳ ಸಸ್ಪೆನ್ಷನ್ ಬಂದು ಸೇರುವ ಎರಡು ಗುಮ್ಮಟಗಳನ್ನು ನೋಡಬೇಕು.

ಕೊಳ್ಳುವವರಿಗೆ ಒಂದು ಅಯಸ್ಕಾಂತವೇ ಪರಮ ಮಿತ್ರ. ಅದನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಸರಿಸುತ್ತ ಹೋದರೆ, ತಗಡಿದ್ದಲ್ಲಿ ಅಂಟುತ್ತದೆ. ತುಕ್ಕನ್ನು ಮುಚ್ಚಲು ಪಟ್ಟಿ ಮೆತ್ತಿ ಬಣ್ಣ ಬಳಿದಲ್ಲಿ ಜಾರುತ್ತದೆ. ಮಾರುವವನ ಮಾತಿಗಿಂತ ಅದರ ಮಾತು ನಂಬಲರ್ಹ. ತುಕ್ಕನ್ನು ಪೂರ್ತಿಯಾಗಿ ಕೆರೆದು ತೆಗೆಯದೆ ಅದರ ಮೇಲೆಯೇ ಕಪ್ಪು ಲೇಪ ಹೊಡೆಸುವುದು ಇಲ್ಲಿ ಕಂಡುಬರುವ ಇನ್ನೊಂದು ಅವಿವೇಕ. ಲೇಪದ ಒಳಗೆ ತೇವ ಬಂಧಿಯಾಗಿ, ಕಣ್ಣಿಗೆ ಕಾಣದಂತೆ ತಗಡನ್ನು ತಿನ್ನುತ್ತದೆ. ಬಳಸಿದ ಇಂಜಿನ್ ಆಯಿಲನ್ನು ಅಡಿಗೆ ಸಿಡಿಸುವ ಹಳೆಯ ಪದ್ಧತಿಯೂ ಪ್ರಶಂಸನೀಯವಲ್ಲ; ಅದು ರಬ್ಬರಿನ ಬುಷ್‌ಗಳನ್ನು ಕೆಡಿಸುತ್ತದೆ, ತೊಟ್ಟಿಕ್ಕಿ ಬಾವಿಯ ನೆಲಕ್ಕೂ ಇಳಿಯುತ್ತದೆ.

ಇನ್ನು ಹಠಾತ್ತಾಗಿ ಬರುವ ತೊಂದರೆಗಳ ವಿಚಾರ. ಕಾರು ಹೊರಡಲಿಲ್ಲವೆಂದೊಡನೆ ಕಾರ್ಬುರೇಟರಿಗೆ ಕೈಹಾಕುವುದು ಅರ್ಧ ಬಲ್ಲವರ ಚಪಲ. ಪೆಟ್ರೋಲು, ಗಾಳಿ, ಕಿಡಿ ಈ ಮೂರರಲ್ಲಿ ಯಾವುದು ತಪ್ಪಿದೆಯೆಂಬುದನ್ನು ಮೊದಲು ಕಂಡುಕೊಳ್ಳಬೇಕು. ಅದಕ್ಕೂ ಮೊದಲು ಬ್ಯಾಟರಿಯನ್ನು. ಕೀಲಿ ತಿರುಗಿಸಿದಾಗ ದೀಪ ಕುಂದಿ ಬರಿಯ ಟಕ್ ಟಕ್ ಸದ್ದು ಬಂದರೆ ದೋಷ ಇಂಜಿನಿನದಲ್ಲ. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ಸುಮಾರು ೧೨.೬ ವೋಲ್ಟ್ ತೋರಿಸಬೇಕು. ಅದರ ತುದಿಗಳಲ್ಲಿ ಬೆಳೆಯುವ ಬಿಳಿ ಹಸುರು ಬೂಷ್ಟನ್ನು, ಮೊದಲು ಋಣ ತಂತಿಯನ್ನು ಕಳಚಿಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒಣಗಿಸಿ ವ್ಯಾಸಲೀನು ಸವರಿದರೆ ಎಷ್ಟೋ ‘ಸತ್ತ’ ಬ್ಯಾಟರಿಗಳು ಮರುಜೀವ ಪಡೆಯುತ್ತವೆ.

ಕರಾವಳಿಯ ಕಾರಿನ ನಿಜವಾದ ಮಾಯಾವಿ ಅರ್ತಿಂಗ್ ತಂತಿ. ವಿದ್ಯುತ್ತು ಹಿಂದಿರುಗುವ ದಾರಿ ಕಾರಿನ ಮೈ. ಆ ಮೈಗೆ ತಂತಿಯನ್ನು ಬಿಗಿದ ಬೋಲ್ಟಿನಡಿ ತುಕ್ಕು ಹಿಡಿದರೆ ದಾರಿ ಕಿರಿದಾಗುತ್ತದೆ. ಆಗ ಹೆಡ್‌ಲೈಟು ಮಂಕಾಗುತ್ತದೆ, ಹಾರನ್ನು ಗಂಟಲು ಕಟ್ಟಿದವನಂತೆ ಕೂಗುತ್ತದೆ, ಒಂದು ದೀಪ ಹಾಕಿದರೆ ಇನ್ನೊಂದು ಮಿಣುಕುತ್ತದೆ, ಪೆಟ್ರೋಲಿನ ಮುಳ್ಳು ಕುಣಿಯುತ್ತದೆ. ಒಡೆಯ ಬ್ಯಾಟರಿ ಬದಲಿಸುತ್ತಾನೆ, ಡೈನಮೋ ಬಿಚ್ಚಿಸುತ್ತಾನೆ, ಸ್ಟಾರ್ಟರನ್ನು ಶಂಕಿಸುತ್ತಾನೆ. ಒಂದು ತುಂಡು ಉಜ್ಜುಗಾಗದದಿಂದ ಆ ಬೋಲ್ಟಿನ ಬುಡವನ್ನು ಹೊಳೆಯುವಂತೆ ತಿಕ್ಕಿ ಗ್ರೀಸು ಹಚ್ಚಿ ಬಿಗಿದಿದ್ದರೆ ಸಾಕಾಗಿತ್ತು. ಅನುಭವಿ ಮೆಕ್ಯಾನಿಕ್‌ ಯಾರು, ಸಾಮಾನು ಬದಲಿಸುವವ ಯಾರು ಎಂಬುದು ಇಂತಹ ಸಂದರ್ಭದಲ್ಲಿ ತಿಳಿಯುತ್ತದೆ.

ಡಿಸ್ಟ್ರಿಬ್ಯೂಟರು ಇರುವ ಹಳೆಯ ಕಾರುಗಳಿಗೆ ಮಳೆಗಾಲದ ಮುಂಜಾನೆ ಅಗ್ನಿಪರೀಕ್ಷೆ. ಅದರ ಮುಚ್ಚಳದೊಳಗೆ ತೇವ ಕುಳಿತರೆ ಕಿಡಿ ಪ್ಲಗ್ಗಿಗೆ ತಲುಪದೆ ಅಡ್ಡದಾರಿ ಹಿಡಿಯುತ್ತದೆ. ಕತ್ತಲಲ್ಲಿ ಬಾನೆಟ್ಟು ತೆರೆದು ಇನ್ನೊಬ್ಬರಿಂದ ಕೀಲಿ ತಿರುಗಿಸಿ ದೂರದಿಂದ ನೋಡಿದರೆ, ಬಿರುಕು ಬಿಟ್ಟ ತಂತಿಗಳ ಮೇಲೆ ನೀಲಿ ಕಿಡಿಗಳು ಹರಿದಾಡುವುದು ಕಾಣುತ್ತದೆ. ಮುಟ್ಟಿದರೆ ಹೊಡೆತ ತಪ್ಪದು. ಕೀಲಿ ತೆಗೆದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ತಾತ್ಕಾಲಿಕ ಪರಿಹಾರ. ತಂತಿಗಳನ್ನು ಬದಲಿಸುವುದೇ ಶಾಶ್ವತವಾದುದು. ಬೇಸಗೆಯಲ್ಲಾದರೋ ಕತೆ ಬೇರೆ. ಬೈಂದೂರಿನಾಚೆ ಒತ್ತಿನೆಣೆಯ ಏರನ್ನು ಸುಡುಬಿಸಿಲಿನಲ್ಲಿ ಏರುತ್ತಿದ್ದ ಅಂಬಾಸಿಡರು ಥಟ್ಟನೆ ನಿಂತರೆ, ಅನುಭವಿ ಚಾಲಕರು ಪೆಟ್ರೋಲು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ನಳಿಗೆಯಲ್ಲಿ ಆವಿಯಾದ ಪೆಟ್ರೋಲು ತಣಿದು ಮರಳಿ ದ್ರವವಾಗಲು ಅದಕ್ಕಿಂತ ಸುಲಭದ ಉಪಾಯವಿಲ್ಲ. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತಣಿಯುವ ಮುನ್ನ ತೆರೆಯಲಾಗದು. ಚಿಮ್ಮುವ ನೀರು ಮುಖ ಸುಡುತ್ತದೆ.

ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿಯಾದರೆ ಆಯಿಲು ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಅತಿಯಾಗಿದೆ, ಕಾರು ಬಿಸಿಯಾದ ಮೇಲೂ ದಟ್ಟ ಬಿಳಿಯಾಗಿ ಬಂದರೆ ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿದಿದೆ.

ಉಪ್ಪುಂದದ ಸುತ್ತಮುತ್ತಲ ಎಷ್ಟೋ ಮನೆಗಳವರು ಹೋಟೆಲ್ ಉದ್ಯಮ ಹಿಡಿದು ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ್ದಾರೆ. ಅವರ ಊರಿನ ಕಾರು ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಓಡಿ ಕೆಡುವುದಕ್ಕಿಂತ ಹೀಗೆ ನಿಂತು ಕೆಡುವುದೇ ಹೆಚ್ಚು. ಹ್ಯಾಂಡ್‌ಬ್ರೇಕು ಎಳೆದಿಟ್ಟು ಹೋದರೆ ಬ್ರೇಕಿನ ಲೈನಿಂಗು ಡ್ರಮ್ಮಿಗೆ ಅಂಟಿಬಿಡುತ್ತದೆ. ಗೇರಿನಲ್ಲಿಟ್ಟು ಗಾಲಿಗೆ ಮರದ ತುಂಡು ಕೊಟ್ಟು ಹೋಗುವುದು ಕ್ಷೇಮ. ಪೆಟ್ರೋಲಿನಲ್ಲಿ ಈಗ ಶೇಕಡಾ ೨೦ರಷ್ಟು ಎಥನಾಲ್ ಬೆರೆತಿರುವುದರಿಂದ ಇನ್ನೊಂದು ಚಿಂತೆ ಸೇರಿಕೊಂಡಿದೆ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಅದಕ್ಕೆಂದು ಮಾಡದ ಹಳೆಯ ರಬ್ಬರ್ ನಳಿಗೆಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಮೆದುಗೊಳಿಸುತ್ತದೆ. ಆ ನಳಿಗೆಗಳನ್ನು ಒಮ್ಮೆ ಬದಲಿಸಿಬಿಡುವುದು ಬುದ್ಧಿವಂತಿಕೆ. ಪೆಟ್ರೋಲು ಸೋರಿ ಬಿಸಿ ಇಂಜಿನಿನ ಮೇಲೆ ಬಿದ್ದರೆ ಉಳಿಯುವುದು ಬೂದಿ. ಬ್ರೇಕಿನ ದ್ರವವೂ ತೇವ ಹೀರುವ ಜಾತಿಯದೇ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವಾಗ, ಅಡಿಯಲ್ಲಿ ಹಾದುಹೋದ ಬ್ರೇಕಿನ ಉಕ್ಕಿನ ನಳಿಗೆಗಳನ್ನು ಬೆರಳಿನಿಂದ ಸವರಿ ನೋಡಬೇಕು. ಒರಟು ಪೊರೆ ಎದ್ದಿದ್ದರೆ ತಡಮಾಡಲಾಗದು. ಟಯರಿನ ಮಗ್ಗುಲಲ್ಲಿ ಮುದ್ರಿತವಾದ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ: ೨೩೧೯ ಎಂದರೆ ೨೦೧೯ರ ಇಪ್ಪತ್ತಮೂರನೆಯ ವಾರ. ಹಲ್ಲುಗಳು ಸವೆಯದಿದ್ದರೂ ರಬ್ಬರು ಮುದಿಯಾಗಿರಬಹುದು.

ದೆಹಲಿಯಲ್ಲಿ ಹಳೆಯ ವಾಹನಗಳನ್ನು ವಯಸ್ಸಿನ ಮೇಲೆ ನಿರ್ಬಂಧಿಸಿದ ಸುದ್ದಿ ಕೇಳಿ ಇಲ್ಲಿಯವರೂ ಗಾಬರಿಗೊಳ್ಳುವುದುಂಟು. ಕರ್ನಾಟಕದಲ್ಲಿ ಹದಿನೈದು ವರ್ಷ ತುಂಬಿದ ಸ್ವಂತ ಕಾರನ್ನು ಪರೀಕ್ಷೆಗೊಡ್ಡಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಆದರೆ ಆ ಶುಲ್ಕ ೨೦೨೨ರ ಏಪ್ರಿಲಿನಲ್ಲಿ ೬೦೦ರಿಂದ ೫೦೦೦ ರೂಪಾಯಿಗೆ ಜಿಗಿಯಿತು; ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ೨೦೨೫ರಲ್ಲಿ ಇನ್ನಷ್ಟು ಏರಿತು. ಆ ಹಣ ಕಟ್ಟುವ ಮೊದಲು ಕಾರನ್ನು ಜಾಕಿನ ಮೇಲೆತ್ತಿಸಿ, ಸಸ್ಪೆನ್ಷನ್ ಸೇರುವ ಗುಮ್ಮಟಗಳಿಗೂ ಬಾಗಿಲಡಿಯ ಉದ್ದನೆಯ ಪೆಟ್ಟಿಗೆಗಳಿಗೂ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಬೇಕು. ತುದಿ ಜಾರಿದರೆ ಇನ್ನೊಂದು ಐದು ವರ್ಷಕ್ಕೆ ಹಣ ಕಟ್ಟಬಹುದು. ಒಳಕ್ಕೆ ಇಳಿದರೆ, ಇಂಜಿನು ಎಷ್ಟೇ ಸೊಗಸಾಗಿ ಓಡುತ್ತಿರಲಿ, ಆ ಕಾರಿನಲ್ಲಿ ಮನೆಮಂದಿಯನ್ನು ಕೂರಿಸಿ ಹೆದ್ದಾರಿಗೆ ಇಳಿಯುವಂತಿಲ್ಲ.