ಹತ್ತನೇತ್ತೆ ಮುಗೀತು, ಮುಂದೇನು?

ಪರೀಕ್ಷೆ ಹತ್ತಿರ ಬಂದಂಗ ನಮ್ಮ ತರಗತಿಯಲ್ಲಿ ಒಂದೇ ಮಾತು. ಹುಡುಗರು "ಬಾಗಲಕೋಟಿಗೆ ಕಾಲೇಜಿಗೆ ಹೋಗೂಣೋ, ಐ.ಟಿ.ಐ. ಸೇರೂಣೋ" ಅಂತಾರೆ. ಹುಡುಗಿಯರಲ್ಲಿ ಕೆಲವರು ಸುಮ್ಮನಿರುತ್ತಾರೆ. ಮನೆಯಲ್ಲಿ ಸೋದರಮಾವನ ಮಾತು ಎದ್ದಿರುತ್ತದೆ. "ಹೊರಗಿನಾವ ಅಲ್ಲ, ನಮ್ಮಾವನ ಅದಾನ. ಲಗ್ನ ಆಗಲಿ, ಆಮ್ಯಾಲೆ ಓದಲಿ" ಅಂತ ಹಿರಿಯರು ಹೇಳುತ್ತಾರೆ. ನಮ್ಮ ಅಕ್ಕನಿಗೂ ಹಿಂಗೇ ಹೇಳಿದ್ದರು. ಆಕಿ ಪುಸ್ತಕ ಈಗ ನನ್ನ ಹತ್ತಿರ ಅದಾವ.

ಕಾಯ್ದೆ ಏನು ಹೇಳುತ್ತದೆ? 1929ರ ಶಾರದಾ ಕಾಯ್ದೆಯಲ್ಲಿ ಹುಡುಗಿಗೆ 14, ಹುಡುಗನಿಗೆ 18 ವರ್ಷ ಇತ್ತು. 1978ರಲ್ಲಿ ಅದು 18 ಮತ್ತು 21 ಆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ವಯಸ್ಸಾಗದೆ ಮಾಡಿದ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. ಹನುಮಪ್ಪನ ಗುಡಿ ಮುಂದೆ ತಾಳಿ ಕಟ್ಟಿದರೂ ಅಷ್ಟೇ, ಸೋದರಮಾವನಾದರೂ ಅಷ್ಟೇ. ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. 1098ಕ್ಕೆ ಫೋನು ಮಾಡಲು ದುಡ್ಡು ಬೇಡ, ರಾತ್ರಿಯಾದರೂ ಎತ್ತುತ್ತಾರೆ.

ಆದರೆ ಅಪ್ಪ ಅವ್ವನಿಗೆ ಜೈಲಿನ ಮಾತು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಅವರ ಅಂಜಿಕೆಯೂ ಸುಳ್ಳಲ್ಲ: ಸಂಜೆಯ ಬಸ್ಸು, ಕೈಯಲ್ಲಿ ಮೊಬೈಲು, ಮಂದಿ ಮಾತು. ಅದಕ್ಕೆ ನಾನು ಮನೆಯಲ್ಲಿ ಲೆಕ್ಕ ಹೇಳಿದೆ. ಈಗ ನನಗೆ ಹದಿನಾರು. ಪಿ.ಯು.ಸಿ. ಎರಡು ವರ್ಷ. ಅದು ಮುಗಿಯೂದಕ್ಕೂ ಹದಿನೆಂಟು ತುಂಬೂದಕ್ಕೂ ಸರಿಹೋಗುತ್ತದೆ. ಹೆಂಗೂ ಕಾಯಬೇಕು, ಕಾಲೇಜಿನಲ್ಲೇ ಕಾಯತೀನಿ ಅಂದೆ. ಅಪ್ಪ ನಕ್ಕರು, ಹೂಂ ಅನ್ನಲಿಲ್ಲ. ಗುರುಗಳು ಪಾಲಕರ ಸಭೆಯಲ್ಲಿ ಇದೇ ಲೆಕ್ಕವನ್ನು ಒಂದು ಸಲ ಹೇಳಬೇಕು.