ನಿಮಗಿದು ಗೊತ್ತೆ? 15 ಫ್ರೇಮಿಗೊಂದು ಪೆಟ್ಟು

ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ ನಿರ್ದೇಶಿಸಿದ ‘ಸೈರಾಟ್’ (2016) ಚಿತ್ರದ ‘ಝಿಂಗಾಟ್’ ಹಾಡು ಹಾಕಿದರೆ ಎಂಥ ಬರಾತಿನ ರೀಲ್ಸ್ ಆದರೂ ಕುಣಿಯುತ್ತದೆ. ಸಂಗೀತ ನಿರ್ದೇಶಕರಾದ ಅಜಯ್-ಅತುಲ್ ಅವರ ತಾಳದ ಪೆಟ್ಟು ಅಷ್ಟು ಸ್ಪಷ್ಟ. ದೃಶ್ಯ ಎಲ್ಲಿ ಬದಲಾಗಬೇಕೆಂದು ಹಾಡೇ ಹೇಳಿಬಿಡುತ್ತದೆ.

ಇದರ ಹಿಂದಿರುವುದು ಸರಳ ಭಾಗಾಕಾರ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡು. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಅದು ಸರಿಯಾಗಿ 15 ಫ್ರೇಮು. 100 ಪೆಟ್ಟಿನ ಹಾಡಾದರೆ 18. ಅದೇ 120ರ ಹಾಡನ್ನು 25 ಫ್ರೇಮಿನ ವಿಡಿಯೊಗೆ ಹಾಕಿದರೆ ಲೆಕ್ಕ ಹನ್ನೆರಡೂವರೆಗೆ ಬರುತ್ತದೆ. ಅರ್ಧ ಫ್ರೇಮನ್ನು ಕತ್ತರಿಸಲು ಯಾವ ಆ್ಯಪ್‌ಗೂ ಬರುವುದಿಲ್ಲ!

ಕಟ್ ಪೆಟ್ಟಿಗಿಂತ ಒಂದೆರಡು ಫ್ರೇಮು ಮುಂಚೆ ಬಿದ್ದರೆ ಅಡ್ಡಿಯಿಲ್ಲ, ತಡವಾದರೆ ಕಣ್ಣಿಗೆ ಚುಚ್ಚುತ್ತದೆ. ಮಿಂಚು ಮೊದಲು, ಗುಡುಗು ಆಮೇಲೆ ಎಂಬುದು ನಮಗೆ ರೂಢಿ ತಾನೆ?

ವೇಗದ ಹಾಡು ಎಲ್ಲದಕ್ಕೂ ಹೊಂದದು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಬಿಳಿಯುಡುಗೆಯ ಭಕ್ತರು ಎತ್ತರದ ಏಳು ನಂದಿಕೋಲುಗಳನ್ನು ಹೊತ್ತು ತೂಗುತ್ತ ನಡೆಯುತ್ತಾರೆ. ಆ ತೂಗಾಟಕ್ಕೆ ನಿಧಾನದ ತಾಳ ಹುಡುಕಿ, ನಾಲ್ಕು ಅಥವಾ ಎಂಟು ಪೆಟ್ಟಿಗೊಮ್ಮೆ ದೃಶ್ಯ ಬದಲಿಸಿದರೆ ಸಾಕು. ಪ್ರತಿ ಪೆಟ್ಟಿಗೂ ಕತ್ತರಿ ಆಡಿಸಿದರೆ ಕೋಲು ಕಾಣುತ್ತದೆ, ನಡಿಗೆ ಕಾಣುವುದಿಲ್ಲ.

ಅಂಗಡಿಯ ಜಾಹೀರಾತಿನ ರೀಲ್ಸ್ ಆದರೆ ಇನ್ನೊಂದು ತೊಡಕು: ಇನ್‌ಸ್ಟಾಗ್ರಾಂನ ಬಿಸಿನೆಸ್ ಖಾತೆಗೆ ಹಲವು ಸಿನಿಮಾ ಹಾಡುಗಳು ಸಿಗುವುದೇ ಇಲ್ಲ.